ಇಪ್ಪತ್ತು ಇಂಚಿನ ಕಾನೂನು

ಇಂಗ್ಲೆಂಡಿನಲ್ಲಿ ನಾಯಿಯೊಂದರ ಹಣೆಬರಹ ನಿರ್ಧಾರವಾಗುವುದು ಅಳತೆ ಕೋಲಿನಿಂದ. ನಾಯಿ ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತಿರಬೇಕು. ನೆಲದಿಂದ ಹೆಗಲಿನ ಉಬ್ಬಿನವರೆಗೆ, ಅಂದರೆ ಕತ್ತು ಬಂದು ಬೆನ್ನಿಗೆ ಸೇರುವ ಜಾಗದವರೆಗೆ, ಎಷ್ಟು ಎತ್ತರ ಎಂದು ಪೊಲೀಸ್ ಇಲಾಖೆಯ ಪರಿಣತ ಅಳೆಯುತ್ತಾನೆ. ಗಂಡಾದರೆ 20 ಇಂಚು, ಹೆಣ್ಣಾದರೆ 19. ಅಷ್ಟು ಎತ್ತರವಿದ್ದು, ತಲೆ ಅಗಲವಾಗಿ, ಮೈಕಟ್ಟು ಭಾರಿಯಾಗಿ, ಪಟ್ಟಿಯಲ್ಲಿರುವ ಉಳಿದ ಲಕ್ಷಣಗಳೂ ಸಾಕಷ್ಟು ಹೊಂದಿಕೊಂಡರೆ ಅದು ‘ಎಕ್ಸ್‌ಎಲ್ ಬುಲ್ಲಿ’. 2024ರ ಫೆಬ್ರವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿನಾಯಿತಿ ಪತ್ರವಿಲ್ಲದೆ ಅಂಥ ನಾಯಿಯನ್ನು ಸಾಕುವುದು ಅಪರಾಧ. ಒಂದೇ ಸೂಲಿನ ಎರಡು ಗಂಡುಮರಿಗಳಲ್ಲಿ ಒಂದು 20 ಇಂಚು ಬೆಳೆದು ಇನ್ನೊಂದು 19ಕ್ಕೇ ನಿಂತರೆ, ಮೊದಲನೆಯದು ನಿಷಿದ್ಧ, ಎರಡನೆಯದು ಅಲ್ಲ. ನಾಯಿ ಇದುವರೆಗೆ ಯಾರನ್ನಾದರೂ ಕಚ್ಚಿದೆಯೇ ಎಂಬುದು ಈ ಅಳತೆಗೆ ಬೇಕಾದ ಸಂಗತಿಯೇ ಅಲ್ಲ.

ಈ ದಾರಿ ಶುರುವಾದದ್ದು 1991ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಬ್ರಾಡ್‌ಫರ್ಡ್ ನಗರದಲ್ಲಿ ಪಿಟ್‌ಬುಲ್ ನಾಯಿಯೊಂದು ಆರು ವರ್ಷದ ಹುಡುಗಿಯ ಮೇಲೆರಗಿ ತೀವ್ರವಾಗಿ ಗಾಯಗೊಳಿಸಿತು. ಪತ್ರಿಕೆಗಳು ದಿನವೂ ಅದನ್ನೇ ಬರೆದವು, ಜನ ಸಿಟ್ಟಾದರು. ಗೃಹ ಸಚಿವ ಕೆನೆತ್ ಬೇಕರ್ ತರಾತುರಿಯಲ್ಲಿ ಮಸೂದೆ ತಂದರು. ಜುಲೈನಲ್ಲಿ ಅಂಗೀಕಾರವಾಗಿ ಆಗಸ್ಟ್ 12ರಿಂದ ‘ಅಪಾಯಕಾರಿ ನಾಯಿಗಳ ಕಾಯ್ದೆ’ ಜಾರಿಗೆ ಬಂತು. ನಿಷೇಧವಾದದ್ದು ನಾಲ್ಕು ಬಗೆ: ಪಿಟ್‌ಬುಲ್ ಟೆರಿಯರ್, ಜಪಾನಿನ ತೋಸಾ, ಡೋಗೊ ಅರ್ಜೆಂಟೀನೊ, ಫಿಲಾ ಬ್ರೆಜಿಲೇರೊ. ಮಗುವಿನ ಮುಖ ಹರಿದಿರುವಾಗ ಏನಾದರೂ ಮಾಡಲೇಬೇಕೆಂದು ಹೊರಟ ಸರ್ಕಾರವನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಆ ಕಾನೂನಿಗೆ ಈಗ ಮೂವತ್ತು ವರ್ಷ ದಾಟಿದೆ. ಅದು ಫಲ ಕೊಟ್ಟಿತೇ ಎಂದು ಲೆಕ್ಕ ಹಾಕಿ ನೋಡಲು ಇಷ್ಟು ಕಾಲ ಧಾರಾಳವಾಗಿ ಸಾಕು.

ಮೊದಲ ತೊಡಕು ಜಾರಿಯಾದ ದಿನದಿಂದಲೇ ಇತ್ತು. ಬ್ರಿಟನ್ನಿನ ಕೆನೆಲ್ ಕ್ಲಬ್ ಪಿಟ್‌ಬುಲ್ ಎಂಬ ತಳಿಯನ್ನು ಮಾನ್ಯ ಮಾಡಿಯೇ ಇರಲಿಲ್ಲ. ಹಾಗಾಗಿ ನ್ಯಾಯಾಲಯಗಳು 1977ರಲ್ಲಿ ಅಮೆರಿಕದ ಶ್ವಾನ ಪತ್ರಿಕೆಯೊಂದು ಪ್ರಕಟಿಸಿದ ಲಕ್ಷಣಗಳ ಪಟ್ಟಿಯನ್ನು ಆಧಾರವಾಗಿ ಹಿಡಿದವು. ಕಾನೂನು ಹೇಳಿದ್ದು ಆ ‘ಬಗೆಯ’ ನಾಯಿ ಎಂದು. ಅಪ್ಪ ಅಮ್ಮ ಯಾರೇ ಆಗಿರಲಿ, ನೋಡಲು ಹಾಗಿದ್ದರೆ ಸಾಕು.

ಹಾಗೆ ಸಿಕ್ಕಿಬಿದ್ದವುಗಳಲ್ಲಿ ಬೆಲ್‌ಫಾಸ್ಟ್ ನಗರದ ಲೆನಾಕ್ಸ್ ಒಂದು. ಇಂಥದೇ ಕಾನೂನಿರುವ ಉತ್ತರ ಐರ್ಲೆಂಡಿನಲ್ಲಿ 2010ರ ಮೇ ತಿಂಗಳಲ್ಲಿ ನಗರಪಾಲಿಕೆಯ ಅಧಿಕಾರಿಗಳು ಅದನ್ನು ಮನೆಯಿಂದ ಒಯ್ದರು. ಅದು ಅಮೆರಿಕನ್ ಬುಲ್‌ಡಾಗ್ ಮತ್ತು ಲ್ಯಾಬ್ರಡಾರ್ ಬೆರಕೆ ಎಂದು ಮನೆಯವರು ಹೇಳಿದರು. ಅಳತೆಯಲ್ಲಿ ಅದು ಪಿಟ್‌ಬುಲ್ ಬಗೆಯದಾಯಿತು. ಅದು ಯಾರನ್ನೂ ಕಚ್ಚಿದ ದಾಖಲೆ ಇರಲಿಲ್ಲ. ಸ್ವಭಾವ ನಂಬುವಂಥದ್ದಲ್ಲ ಎಂದು ಪಾಲಿಕೆಯ ಕಡೆಯ ಪರಿಣತರು ಸಾಕ್ಷಿ ನುಡಿದರು, ಮನೆಯವರ ಕಡೆಯ ಪರಿಣತರು ಹಾಗೇನಿಲ್ಲ ಎಂದರು. ಎರಡು ವರ್ಷ ನಾಯಿಮನೆಯ ಕಟಕಟೆಯೊಳಗೆ ಕಳೆದ ಅದನ್ನು, ಮೇಲ್ಮನವಿಯೂ ವಜಾ ಆದ ಮೇಲೆ, 2012ರ ಜುಲೈ 11ರಂದು ಕೊಂದರು. ಮನುಷ್ಯರೊಡನೆ ಬೆಳೆದ ಪ್ರಾಣಿಯನ್ನು ಎರಡು ವರ್ಷ ಕೂಡಿಹಾಕಿ, ಆಮೇಲೆ ಅದರ ಸ್ವಭಾವ ಪರೀಕ್ಷಿಸುವುದರಲ್ಲಿ ನ್ಯಾಯವಿದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೂ ಈ ಅಧ್ಯಾಯದ ಪ್ರಶ್ನೆ ಬೇರೆ. ಇಂಥ ಕಠಿಣ ಕ್ರಮದಿಂದ ಮಕ್ಕಳು ಉಳಿದಿದ್ದರೆ ಅದರ ಬಗ್ಗೆ ನಾವು ಇನ್ನೊಂದು ಬಗೆಯಲ್ಲಿ ಮಾತಾಡಬೇಕಾಗುತ್ತಿತ್ತು. ಉಳಿದರೇ?

ಸ್ಕಾಟ್ಲೆಂಡಿನ ಅಬರ್ಡೀನ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಇದನ್ನು ಬಹಳ ಸರಳವಾಗಿ ಪರೀಕ್ಷಿಸಿದರು. ಕಾಯ್ದೆ ಬರುವ ಮುಂಚೆ ಮೂರು ತಿಂಗಳು, ಬಂದು ಎರಡು ವರ್ಷವಾದ ಮೇಲೆ ಮತ್ತೆ ಮೂರು ತಿಂಗಳು, ಕಚ್ಚಿಸಿಕೊಂಡು ಬಂದವರನ್ನೆಲ್ಲ ಬರೆದುಕೊಂಡರು. ಕಾಯ್ದೆಗೆ ಮುಂಚೆಯೂ ‘ಅಪಾಯಕಾರಿ’ ತಳಿಗಳ ಪಾಲು ನೂರಕ್ಕೆ ಸುಮಾರು 6 ಮಾತ್ರ. ಹೆಚ್ಚು ಕಚ್ಚಿದ್ದು ಜರ್ಮನ್ ಶೆಫರ್ಡ್ ಮತ್ತು ಬೆರಕೆ ನಾಯಿಗಳು, ಅಂದರೆ ಊರಿನಲ್ಲಿ ಹೆಚ್ಚಾಗಿ ಇದ್ದ ನಾಯಿಗಳು. ಎರಡು ವರ್ಷದ ನಂತರವೂ ಚಿತ್ರ ಸುಧಾರಿಸಿರಲಿಲ್ಲ. ಅದು ಸಣ್ಣ ಅಧ್ಯಯನ ಎನ್ನಬಹುದು. ದೊಡ್ಡದೂ ಇದೆ. ಇಂಗ್ಲೆಂಡಿನಲ್ಲಿ ನಾಯಿ ಕಡಿತಕ್ಕಾಗಿ ಆಸ್ಪತ್ರೆಗೆ ದಾಖಲಾದವರ ಪ್ರಮಾಣ 1998ರಲ್ಲಿ ಲಕ್ಷ ಜನರಿಗೆ 6.34 ಇದ್ದದ್ದು 2018ರ ಹೊತ್ತಿಗೆ 14.99ಕ್ಕೆ ಏರಿತು. ಮಕ್ಕಳ ಪ್ರಮಾಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ವಯಸ್ಕರದು ಸುಮಾರು ಮೂರು ಪಟ್ಟಾಯಿತು. ಇಷ್ಟೂ ವರ್ಷ ನಿಷೇಧ ಜಾರಿಯಲ್ಲಿತ್ತು. 1991ರಿಂದ 2016ರವರೆಗೆ ಬ್ರಿಟನ್ನಿನಲ್ಲಿ ನಾಯಿಯಿಂದ ಸತ್ತ 30 ಮಂದಿಯಲ್ಲಿ 21 ಮಂದಿಯನ್ನು ಕೊಂದದ್ದು ನಿಷೇಧವಿಲ್ಲದ ನಾಯಿಗಳು ಎಂದು ಆ ದೇಶದ ಪ್ರಾಣಿದಯಾ ಸಂಘ, ಆರ್‌ಎಸ್‌ಪಿಸಿಎ, ಲೆಕ್ಕ ಕೊಟ್ಟಿತು.

ಇಲ್ಲಿ ವಿಜ್ಞಾನದ ಓದುಗರು ತಡೆದು ಒಂದು ಮಾತು ಕೇಳಬೇಕು. ನಿಷೇಧ ಇರದಿದ್ದರೆ ಕಡಿತ ಇನ್ನೂ ಏರುತ್ತಿತ್ತೋ ಏನೋ? ಈ ಕಾಲದಲ್ಲಿ ನಾಯಿ ಸಾಕುವವರೂ ಹೆಚ್ಚಿರಬಹುದು, ಆಸ್ಪತ್ರೆಗೆ ಹೋಗುವ ರೂಢಿಯೂ ಬದಲಾಗಿರಬಹುದು. ಇದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದವರು ಡೆನ್ಮಾರ್ಕಿನ ಓಡೆನ್ಸ ನಗರದ ಮಾಹಿತಿ ಇಟ್ಟುಕೊಂಡು ಕೆಲಸ ಮಾಡಿದ ಸಂಶೋಧಕರು.

ಡೆನ್ಮಾರ್ಕ್ 2010ರಲ್ಲಿ 13 ತಳಿಗಳನ್ನು ನಿಷೇಧಿಸಿತು. ಮೊದಲೇ ಸಾಕಿಕೊಂಡಿದ್ದವರು ಆ ನಾಯಿಗಳನ್ನು ಹೊರಗೆ ಒಯ್ಯುವಾಗ ಬಾಯಿಕುಕ್ಕೆ ಹಾಕಿ, ಹಗ್ಗ ಹಿಡಿದಿರಬೇಕು ಎಂದಿತು. ಸಂಶೋಧಕರು 2002ರಿಂದ 2015ರವರೆಗೆ ಆಸ್ಪತ್ರೆಗೆ ಬಂದ 2,622 ಕಡಿತಗಳನ್ನು ತಿಂಗಳು ತಿಂಗಳಾಗಿ ಜೋಡಿಸಿದರು. ಇವರ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಬಾಯಿಕುಕ್ಕೆಯ ನಿಯಮ ಅನ್ವಯವಾಗುವುದು ಬೀದಿ, ಉದ್ಯಾನಗಳಲ್ಲಿ, ಮನೆಯೊಳಗಲ್ಲ. ಕಾನೂನು ಕೆಲಸ ಮಾಡುವುದೇ ಆದರೆ ಮೊದಲು ಇಳಿಯಬೇಕಾದದ್ದು ಸಾರ್ವಜನಿಕ ಜಾಗದ ಕಡಿತ. ಆದ್ದರಿಂದ ಅಂಥ 874 ಪ್ರಕರಣಗಳನ್ನು ಪ್ರತ್ಯೇಕಿಸಿ ನೋಡಿದರು. ಒಟ್ಟು ಕಡಿತದಲ್ಲೂ ನಿಷೇಧದ ಪರಿಣಾಮ ಕಾಣಲಿಲ್ಲ, ಸಾರ್ವಜನಿಕ ಜಾಗದ ಕಡಿತದಲ್ಲೂ ಕಾಣಲಿಲ್ಲ.

ಇಂಥ ನಿಷೇಧವನ್ನು ಕೈಬಿಟ್ಟ ದೇಶಗಳೂ ಇವೆ. ನೆದರ್‌ಲೆಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು 2008ರಲ್ಲಿ ಕೈಬಿಡಲು ತೀರ್ಮಾನಿಸಿತು. ಇಟಲಿ 2003ರಲ್ಲಿ 92 ತಳಿಗಳ ಪಟ್ಟಿ ಮಾಡಿ, ಅದನ್ನು 17ಕ್ಕೆ ಇಳಿಸಿ, 2009ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿ ಮಾಲೀಕರ ಹೊಣೆಗೆ ಒತ್ತು ಕೊಟ್ಟಿತು.

ಎದುರು ಸಾಕ್ಷ್ಯವನ್ನೂ ಹೇಳಬೇಕು. ಕೆನಡಾದ ವಿನಿಪೆಗ್ ನಗರ 1990ರಲ್ಲಿ ಪಿಟ್‌ಬುಲ್ ನಿಷೇಧಿಸಿತು. ನಿಷೇಧವಿಲ್ಲದ, ಅದೇ ಪ್ರಾಂತ್ಯದ ಬ್ರಾಂಡನ್ ನಗರಕ್ಕೆ ಹೋಲಿಸಿದಾಗ ವಿನಿಪೆಗ್‌ನಲ್ಲಿ ಆಸ್ಪತ್ರೆ ಸೇರುವಂಥ ಕಡಿತ ಕಡಿಮೆಯಾದಂತೆ, ಅದರಲ್ಲೂ 20 ವರ್ಷದೊಳಗಿನವರಲ್ಲಿ ಕಡಿಮೆಯಾದಂತೆ, 2013ರ ಅಧ್ಯಯನವೊಂದರಲ್ಲಿ ಕಂಡಿತು. ಆದರೆ ಇಡೀ ಮ್ಯಾನಿಟೋಬ ಪ್ರಾಂತ್ಯದಲ್ಲಿ ನಿಷೇಧ ತಂದ ಊರುಗಳ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಹೋಲಿಸಿದಾಗ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಸ್ಪೇನಿನ ಕ್ಯಾಟಲೋನಿಯದಲ್ಲಿ ಹೊಸ ಕಾನೂನಿನ ನಂತರ ಆಸ್ಪತ್ರೆ ದಾಖಲಾತಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಅಲ್ಲಿ ತಳಿಯ ಪಟ್ಟಿಯ ಜೊತೆಗೆ ಪರವಾನಗಿ, ವಿಮೆಯಂಥ ಮಾಲೀಕರ ಮೇಲಿನ ನಿಯಮಗಳೂ ಬಂದಿದ್ದವು. ಯಾವುದರಿಂದ ಎಷ್ಟು ಇಳಿಯಿತು ಎಂದು ಬಿಡಿಸಲಾಗದು. ಅದೇ ಸ್ಪೇನಿನ ಅರಗಾನ್ ಪ್ರದೇಶದಲ್ಲಿ ಅದೇ ಕಾನೂನಿನಿಂದ ಬದಲಾವಣೆ ಕಾಣಲಿಲ್ಲ. ಎಲ್ಲವನ್ನೂ ತೂಗಿದಾಗ ನನಗೆ ಕಾಣುವುದು ಇಷ್ಟು: ತಳಿ ನಿಷೇಧ ಕಡಿತ ತಗ್ಗಿಸುತ್ತದೆ ಎನ್ನುವುದಕ್ಕೆ ಸಿಗುವ ಆಧಾರ ಬಹಳ ದುರ್ಬಲ, ತಗ್ಗಿಸುವುದಿಲ್ಲ ಎನ್ನುವ ಕಡೆ ತೂಕ ಹೆಚ್ಚು.

ಯಾಕೆ ಹೀಗೆ? ತಳಿಗೂ ಸ್ವಭಾವಕ್ಕೂ ಸಂಬಂಧವೇ ಇಲ್ಲವೇ? ಕುರಿ ಕಾಯುವ ಬಾರ್ಡರ್ ಕಾಲಿ, ಮೊಲದ ಬೆನ್ನಟ್ಟುವ ನಮ್ಮ ಮುಧೋಳ ನಾಯಿ, ನೀರಿಗಿಳಿದು ಬಾತುಕೋಳಿ ಹೊತ್ತು ತರುವ ಲ್ಯಾಬ್ರಡಾರ್ ಇವನ್ನೆಲ್ಲ ನೋಡಿದವರು ಸಂಬಂಧವಿಲ್ಲ ಎಂದು ಹೇಳಲಾರರು. ಮನುಷ್ಯ ತಲೆಮಾರುಗಳಿಂದ ಆಯ್ದು ಬೆಳೆಸಿದ ಗುಣಗಳು ಅವು. ಆದರೆ ಎಷ್ಟು ಸಂಬಂಧ ಎಂಬುದನ್ನು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಅಳೆದು ಹೇಳಿತು. ಎಲಿನಾರ್ ಕಾರ್ಲ್‌ಸನ್ ತಂಡ 18,385 ನಾಯಿಗಳ ನಡವಳಿಕೆ ಕುರಿತು ಮಾಲೀಕರಿಂದ ವಿವರ ಪಡೆದು, 2,155 ನಾಯಿಗಳ ಡಿಎನ್‌ಎ ಓದಿತು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪ್ರಭಾವ ತುಸು ಜೋರಾಗಿತ್ತು. ಎಷ್ಟು ಬೇಗ ಕೆರಳುತ್ತದೆ ಎಂಬುದರಲ್ಲಿ ತಳಿ ಹೆಚ್ಚೇನನ್ನೂ ಹೇಳಲಿಲ್ಲ. ನಮಗೆ ಬೇಕಾದ ಗುಣ ಇದೇ.

ಇದಕ್ಕೂ ಮುಂಚೆ, 2008ರಲ್ಲಿ, ಅಮೆರಿಕದಲ್ಲಿ ನಾಯಿಗಳ ಮುಂಗೋಪವನ್ನು ತಳಿವಾರು ಹೋಲಿಸಿದಾಗ ಮನುಷ್ಯರನ್ನು ಕಚ್ಚಿದ, ಕಚ್ಚಲು ಬಂದ ತಳಿಗಳಲ್ಲಿ ಮೇಲೆ ನಿಂತದ್ದು ಡ್ಯಾಶ್‌ಹೌಂಡ್, ಚಿಹ್ವಾಹ್ವಾ, ಜಾಕ್ ರಸೆಲ್ ಟೆರಿಯರ್. ಪಿಟ್‌ಬುಲ್‌ಗಳಲ್ಲಿ ಹೆಚ್ಚಾಗಿ ಕಂಡ ಸಿಟ್ಟು ಬೇರೆ ನಾಯಿಗಳ ಮೇಲಿನದು. ಅವುಗಳ ಹಿರೀಕರನ್ನು ನಾಯಿ ಕಾಳಗಕ್ಕೆ ಬೆಳೆಸಿದ್ದನ್ನು ನೆನೆದರೆ ಇದು ಅರ್ಥವಾಗುತ್ತದೆ.

ಚಿಹ್ವಾಹ್ವಾ ಕಚ್ಚುವುದೂ ಪಿಟ್‌ಬುಲ್ ಕಚ್ಚುವುದೂ ಒಂದೇ ಅಲ್ಲ, ನಿಜ. ಎರಡು ಕಿಲೋ ತೂಗುವ ನಾಯಿ ಯಾರನ್ನಾದರೂ ಕೊಲ್ಲುವುದು ಕಷ್ಟ. ಐವತ್ತು ಕಿಲೋ ತೂಗುವ ನಾಯಿ ಮಗುವಿನ ಕತ್ತು ಹಿಡಿದರೆ ಬಿಡಿಸಲು ಒಬ್ಬರ ಕೈಲಾಗದು. 1979ರಿಂದ 1998ರವರೆಗೆ ಅಮೆರಿಕದಲ್ಲಿ ತಳಿ ದಾಖಲಾದ 238 ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪಿಟ್‌ಬುಲ್ ಬಗೆಯ ನಾಯಿ ಮತ್ತು ರಾಟ್‌ವೈಲರ್ ಇದ್ದವು. ನಿಷೇಧದ ಪರ ಇರುವವರ ಗಟ್ಟಿಯಾದ ವಾದ ಇದು, ತಳ್ಳಿಹಾಕುವಂಥದ್ದಲ್ಲ. ಆದರೆ ಅದೇ ಪಟ್ಟಿಯಲ್ಲಿ ಕನಿಷ್ಠ 25 ತಳಿಗಳಿದ್ದವು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸ್ಥಾನ ಒಂದು ತಳಿಯಿಂದ ಇನ್ನೊಂದಕ್ಕೆ ಸರಿದಿತ್ತು. ಯಾವ ಕಾಲದಲ್ಲಿ ಯಾವ ದೊಡ್ಡ ನಾಯಿಯ ಮೋಜು ಜನರಿಗೆ ಹತ್ತುತ್ತದೋ ಆ ಕಾಲದಲ್ಲಿ ಅದೇ ಮುಂದೆ ಬರುತ್ತದೆ. ಇಂದು ಪೊಲೀಸರ ನೆಚ್ಚಿನ ಜರ್ಮನ್ ಶೆಫರ್ಡ್ ನಾಯಿಯ ಆಮದನ್ನು ಆಸ್ಟ್ರೇಲಿಯ 1929ರಲ್ಲಿ ನಿಷೇಧಿಸಿ 1970ರ ದಶಕದವರೆಗೂ ಮುಂದುವರಿಸಿತ್ತು. ಬ್ರಿಟನ್ನಿನ ಕತೆಯೂ ಹಾಗೇ: 1991ರ ಪಟ್ಟಿಯಲ್ಲಿ ಇಲ್ಲದಿದ್ದ ಎಕ್ಸ್‌ಎಲ್ ಬುಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಬೆಳೆದು ಪಟ್ಟಿಗೆ ಹೊಸ ಸಾಲು ಸೇರಿಸಿತು.

ಮೇಲಿನ 238ರ ಲೆಕ್ಕದಲ್ಲೂ ತಳಿಯನ್ನು ಗುರುತಿಸಿದವರು ಯಾರು? ಪೊಲೀಸರು, ವರದಿಗಾರರು, ಅಕ್ಕಪಕ್ಕದವರು, ಕಣ್ಣಂದಾಜಿನಲ್ಲಿ. ಫ್ಲಾರಿಡಾದ ನಾಲ್ಕು ನಾಯಿ ಆಶ್ರಯತಾಣಗಳಲ್ಲಿ ದಿನವೂ ನಾಯಿಗಳ ನಡುವೆಯೇ ಇರುವ 16 ಸಿಬ್ಬಂದಿಗೆ 120 ನಾಯಿಗಳನ್ನು ತೋರಿಸಿ ತಳಿ ಕೇಳಿದರು. ಅವರಲ್ಲಿ ಒಬ್ಬರಾದರೂ ಪಿಟ್‌ಬುಲ್ ಬಗೆ ಎಂದ ನಾಯಿಗಳು 62. ಡಿಎನ್‌ಎ ಪರೀಕ್ಷೆಯಲ್ಲಿ ಹಾಗೆ ಬಂದವು 25. ಅನುಭವಸ್ಥರ ಕಣ್ಣೇ ಇಷ್ಟು ತಪ್ಪುವಾಗ, ಕಚ್ಚಿಸಿಕೊಂಡು ಗಾಬರಿಯಲ್ಲಿರುವವರ ಹೇಳಿಕೆಯ ಮೇಲೆ ಕಟ್ಟಿದ ಅಂಕಿಸಂಖ್ಯೆಯನ್ನು ಎಷ್ಟು ನಂಬುವುದು?

ಇನ್ನೊಂದು ಅಡ್ಡಿ ಗಣಿತದ್ದು. ಜೀವಕ್ಕೆ ಅಪಾಯ ತರುವ ಕಡಿತ ಬಹಳ ವಿರಳ. ಯಾವ ತಳಿಯಲ್ಲೂ ಕಚ್ಚದೆ ಬದುಕಿ ಸಾಯುವ ನಾಯಿಗಳೇ ಬಹುಪಾಲು. ಅಮೆರಿಕದ ಗ್ಯಾರಿ ಪ್ಯಾಟ್ರೊನೆಕ್ ಮತ್ತು ಸಂಗಡಿಗರು 2010ರಲ್ಲಿ ಔಷಧ ಪರೀಕ್ಷೆಯ ಲೆಕ್ಕಾಚಾರವನ್ನು ಇದಕ್ಕೆ ಒಗ್ಗಿಸಿ ನೋಡಿದರು. ಆಸ್ಪತ್ರೆ ಸೇರುವಂಥ ಒಂದೇ ಒಂದು ಕಡಿತವನ್ನು ತಪ್ಪಿಸಬೇಕಾದರೆ ಒಂದು ಲಕ್ಷಕ್ಕೂ ಹೆಚ್ಚು ನಾಯಿಗಳನ್ನು ಊರಿನಿಂದ ತೆಗೆಯಬೇಕಾಗುತ್ತದೆ, ಅದೂ ಆ ಮನೆಗಳಿಗೆ ಬೇರೆ ನಾಯಿ ಬಾರದೆ ಇದ್ದರೆ.

ಅದೇ ಪ್ಯಾಟ್ರೊನೆಕ್ ತಂಡ ಮೂರು ವರ್ಷದ ನಂತರ ಮಾಡಿದ ಕೆಲಸ ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳದ್ದು. 2000ದಿಂದ 2009ರವರೆಗೆ ಅಮೆರಿಕದಲ್ಲಿ ನಾಯಿ ಕಡಿತದಿಂದಾದ 256 ಸಾವುಗಳನ್ನು ಅವರು ಒಂದೊಂದಾಗಿ ಕೆದಕಿದರು. ಪತ್ರಿಕೆಯ ಸುದ್ದಿಗೆ ತೃಪ್ತಿಪಡದೆ ತನಿಖಾಧಿಕಾರಿಗಳನ್ನು ಮಾತಾಡಿಸಿದರು. ತಳಿಯನ್ನು ಖಚಿತವಾಗಿ ಹೇಳಲು ಸಾಧ್ಯವಾದದ್ದು ಶೇ. 17.6ರಷ್ಟು ಪ್ರಕರಣಗಳಲ್ಲಿ ಮಾತ್ರ. ಆದರೆ ಬೇರೆ ಸಂಗತಿಗಳು ಮತ್ತೆ ಮತ್ತೆ ಎದುರಾದವು. ಶೇ. 87ರಷ್ಟು ಸಾವುಗಳಲ್ಲಿ ಬಿಡಿಸಬಲ್ಲ ಗಟ್ಟಿ ಆಳು ಹತ್ತಿರ ಇರಲಿಲ್ಲ. ಶೇ. 85ರಷ್ಟರಲ್ಲಿ ಸತ್ತವರಿಗೂ ನಾಯಿಗೂ ಬಳಕೆಯ ಪರಿಚಯವಿರಲಿಲ್ಲ. ಶೇ. 84ರಷ್ಟರಲ್ಲಿ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿರಲಿಲ್ಲ. ಶೇ. 77ರಷ್ಟರಲ್ಲಿ ಸತ್ತವರು ತೀರ ಎಳೆಯರು, ಮುದುಕರು ಅಥವಾ ಬೇರೆ ಕಾರಣಕ್ಕೆ ತಮ್ಮನ್ನು ಕಾಪಾಡಿಕೊಳ್ಳಲಾಗದವರು. ಶೇ. 76ರಷ್ಟರಲ್ಲಿ ನಾಯಿ ಮನೆಮಂದಿಯ ನಡುವೆ ಬೆಳೆಯದೆ, ಸರಪಳಿಯಲ್ಲೋ ಗೂಡಿನಲ್ಲೋ ಹಿತ್ತಿಲಲ್ಲೋ ಒಂಟಿಯಾಗಿ ಬದುಕುತ್ತಿತ್ತು. ಐದರಲ್ಲಿ ನಾಲ್ಕು ಸಾವುಗಳಲ್ಲಿ ಇಂಥ ನಾಲ್ಕು ಅಥವಾ ಹೆಚ್ಚಿನ ಕಾರಣಗಳು ಒಟ್ಟಿಗೇ ಸೇರಿದ್ದವು. ಈ ಕಾರಣಗಳಲ್ಲಿ ಬಹುತೇಕ ಎಲ್ಲವನ್ನೂ ಮನುಷ್ಯರು ಮೊದಲೇ ಸರಿಪಡಿಸಬಹುದಿತ್ತು.

ನಾಯಿಮರಿಯ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗಿನ ಕಾಲ ಅದರ ಇಡೀ ಬದುಕನ್ನು ತಿದ್ದುತ್ತದೆ ಎಂದು ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳಿಂದ ತೋರಿಸಿ, 1965ರಲ್ಲಿ ಪುಸ್ತಕ ಬರೆದರು. ಆ ವಾರಗಳಲ್ಲಿ ಮಕ್ಕಳು, ಅಪರಿಚಿತರು, ಸೈಕಲ್ಲು, ಛತ್ರಿ, ಬೇರೆ ನಾಯಿ ಇವನ್ನೆಲ್ಲ ಹೆದರಿಕೆಯಿಲ್ಲದೆ ಕಂಡ ಮರಿ ದೊಡ್ಡದಾದ ಮೇಲೆ ಅವುಗಳಿಗೆ ಬೆಚ್ಚುವುದು ಕಡಿಮೆ. ಬೆಚ್ಚುವ ನಾಯಿಯೇ ಕಚ್ಚುವ ನಾಯಿ. ಹಾಗಿರುವಾಗ ಕಣ್ಣು ಬಿಟ್ಟು ನಾಲ್ಕೈದು ವಾರವಾಗುವಷ್ಟರಲ್ಲಿ ತಾಯಿಯಿಂದ ಬಿಡಿಸಿ ಮಾರಿ, ಗೇಟಿನ ಪಕ್ಕ ಕಟ್ಟಿ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ ತೂಗುಹಾಕಿದರೆ ಯಾವ ತಳಿಯೂ ನೆಟ್ಟಗೆ ಬೆಳೆಯದು.

ಕಚ್ಚುವ ಮುಂಚೆ ನಾಯಿ ಸಾಮಾನ್ಯವಾಗಿ ಹೇಳಿಯೇ ಹೇಳುತ್ತದೆ. ಮೂತಿ ಪಕ್ಕಕ್ಕೆ ತಿರುಗಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಮೈ ಬಿಗಿ ಹಿಡಿದು ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಆಮೇಲೆ ಗುರ್ ಎನ್ನುತ್ತದೆ. ಮಗು ಅದರ ಕೊರಳು ತಬ್ಬಿ ಫೋಟೋಗೆ ನಿಂತಾಗ ಈ ಗುರುತುಗಳೆಲ್ಲ ಬಂದುಹೋಗಿರುತ್ತವೆ, ದೊಡ್ಡವರ ಗಮನ ಮೊಬೈಲಿನ ಮೇಲಿರುತ್ತದೆ. ಗುರ್ ಎಂದಿದ್ದಕ್ಕೆ ಬಡಿದು ಬೆಳೆಸಿದ ನಾಯಿ ಮುಂದೆ ಗುರ್ ಎನ್ನುವುದನ್ನೇ ಬಿಡುತ್ತದೆ. ಅದರ ಭಯ ಮಾತ್ರ ಹಾಗೇ ಇರುತ್ತದೆ.

ನಮ್ಮ ದೇಶಕ್ಕೆ ಬಂದರೆ, 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. 23 ತಳಿಗಳ ಆಮದು, ಸಾಕಣೆ, ಮಾರಾಟ ನಿಲ್ಲಿಸಿ, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಮಾಡಿಸಿ ಎಂದಿತ್ತು. ಪಟ್ಟಿಯನ್ನು ಓದಿದರೆ ಅವಸರ ಎದ್ದು ಕಾಣುತ್ತದೆ. ‘ತೋಸಾ ಇನು’ ಒಂದು ಕಡೆ, ‘ಜಪಾನೀಸ್ ತೋಸಾ’ ಇನ್ನೊಂದು ಕಡೆ. ಎರಡೂ ಒಂದೇ ನಾಯಿ. ‘ಟೆರಿಯರ್‌ಗಳು’ ಎಂದು ಸಾರಾಸಗಟಾಗಿ ಬರೆದದ್ದರಿಂದ ಮಡಿಲಲ್ಲಿ ಕೂರುವ ಯಾರ್ಕ್‌ಶೈರ್ ಟೆರಿಯರ್ ಕೂಡ ಅಕ್ಷರಶಃ ಅದರೊಳಗೆ ಬಂತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಈ ಸುತ್ತೋಲೆಯನ್ನು ರದ್ದು ಮಾಡಿದರು. ಸಂಬಂಧಪಟ್ಟವರ ಅಹವಾಲು ಕೇಳದೆ, ನಿಯಮದ ಪ್ರಕಾರ ರಚನೆಯಾಗದ ಸಮಿತಿಯ ಮಾತಿನ ಮೇಲೆ ಹೊರಡಿಸಿದ್ದು ಎಂಬುದು ಮುಖ್ಯ ಕಾರಣ. ಕ್ರಮಬದ್ಧವಾಗಿ ಮತ್ತೆ ಮಾಡಲು ಸರ್ಕಾರಕ್ಕೆ ದಾರಿ ತೆರೆದೇ ಇದೆ.

ಮತ್ತೆ ಮಾಡುವ ಮುಂಚೆ ಒಂದು ಸಂಖ್ಯೆ ನೋಡಬೇಕು. 2024ರಲ್ಲಿ ದೇಶದಲ್ಲಿ ವರದಿಯಾದ ನಾಯಿ ಕಡಿತ ಸುಮಾರು 37 ಲಕ್ಷ. 2019ರ ಜಾನುವಾರು ಗಣತಿಯಂತೆ ಬೀದಿ ನಾಯಿಗಳು 1.53 ಕೋಟಿ. 2023ರ ಸಮೀಕ್ಷೆಯಲ್ಲಿ ಬೆಂಗಳೂರೊಂದರಲ್ಲೇ 2.79 ಲಕ್ಷ. ಇವು ಯಾವ ತಳಿಯ ಪಟ್ಟಿಗೂ ಸೇರುವುದಿಲ್ಲ. ಬ್ರಿಟನ್ನಿನವರಿಗೆ ಕಡಿತ ಎಂದರೆ ಗಾಯ; ನಮಗೆ ಗಾಯದ ಜೊತೆ ರೇಬೀಸ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಆಧರಿಸಿ 2025ರಲ್ಲಿ ಬಂದ ಅಂದಾಜಿನಂತೆ ವರ್ಷಕ್ಕೆ 5,726 ಮಂದಿ ಆ ರೋಗದಿಂದ ಸಾಯುತ್ತಾರೆ. 23 ತಳಿಯ ನಾಯಿಗಳೆಲ್ಲ ನಾಳೆ ಮಾಯವಾದರೂ ಈ ಸಂಖ್ಯೆ ಕದಲುವುದು ನನಗೆ ಕಾಣುವುದಿಲ್ಲ. ಬೀದಿ ನಾಯಿಗಳ ಲಸಿಕೆ, ಸಂತಾನಹರಣ, ಕಸ ವಿಲೇವಾರಿ, ಆಸ್ಪತ್ರೆಯಲ್ಲಿ ಸದಾ ಸಿಗುವ ಚುಚ್ಚುಮದ್ದು ಇವುಗಳಿಗೆ ಹೋಗಬೇಕಾದ ಗಮನವನ್ನು ಪಟ್ಟಿಗಳು ತಿನ್ನುತ್ತವೆ ಎಂಬುದೇ ನನ್ನ ದೊಡ್ಡ ತಕರಾರು.

ಕಡಿಮೆ ಖರ್ಚಿನ ಇನ್ನೊಂದು ದಾರಿಯನ್ನು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪರೀಕ್ಷಿಸಿದ್ದಾರೆ. ಎಂಟು ಪ್ರಾಥಮಿಕ ಶಾಲೆಗಳ ಏಳೆಂಟು ವರ್ಷದ 346 ಮಕ್ಕಳು. ಅರ್ಧ ಶಾಲೆಗಳಲ್ಲಿ ನಾಯಿಯ ಎದುರು ಹೇಗಿರಬೇಕೆಂದು ಅರ್ಧ ಗಂಟೆ ಪಾಠ, ಉಳಿದರ್ಧ ಶಾಲೆಗಳಲ್ಲಿ ಇಲ್ಲ. ವಾರ ಹತ್ತು ದಿನ ಬಿಟ್ಟು ಶಾಲೆಯ ಅಂಗಳದಲ್ಲಿ ಸಾಧು ಸ್ವಭಾವದ ಲ್ಯಾಬ್ರಡಾರ್ ಒಂದನ್ನು ಕಟ್ಟಿ, ಮಾಲೀಕ ಹತ್ತಿರ ಕಾಣದಂತೆ ಮಾಡಿ, ಮಕ್ಕಳನ್ನು ಆಟಕ್ಕೆ ಬಿಟ್ಟರು. ಪಾಠ ಕೇಳದವರಲ್ಲಿ ಶೇ. 79 ಮಂದಿ ನೇರ ಹೋಗಿ ನಾಯಿಯ ಮೈದಡವಿದರು. ಪಾಠ ಕೇಳಿದವರಲ್ಲಿ ಶೇ. 9. ಈ ಪ್ರಯೋಗ ಅಳೆದದ್ದು ಮಕ್ಕಳ ನಡವಳಿಕೆಯನ್ನು, ಕಡಿತದ ಸಂಖ್ಯೆಯನ್ನಲ್ಲ. ಆದರೂ ಅರ್ಧ ಗಂಟೆಗೆ ಇದು ದೊಡ್ಡ ಫಲ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಂಥ ಪಾಠ ಮಾಡುವುದಾದರೆ ಅದು ನಮ್ಮ ಬೀದಿಗೆ ಹೊಂದಬೇಕು. ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬಾರದು. ನಾಯಿ ಅಟ್ಟಿ ಬಂದರೆ ಓಡದೆ, ಕಿರುಚದೆ, ಕೈ ಎದೆಗಿಟ್ಟು ನೆಲ ನೋಡುತ್ತ ನಿಲ್ಲಬೇಕು. ಕೆಳಗೆ ಬಿದ್ದರೆ ಮುದುಡಿಕೊಂಡು ಕತ್ತು, ಕಿವಿಗಳನ್ನು ಕೈಯಿಂದ ಮುಚ್ಚಿಕೊಳ್ಳಬೇಕು. ಕಚ್ಚಿದರೆ, ಉಗುರು ಗೀರಿದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಬೈಯುತ್ತಾರೆಂಬ ಹೆದರಿಕೆಗೆ ಮಕ್ಕಳು ಗಾಯ ಮುಚ್ಚಿಡುವುದುಂಟು. ಹಾಗಾಗಿ ಈ ಪಾಠದ ಒಂದು ಭಾಗವನ್ನು ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು ಹೇಳಬೇಕು: ಮಗು ಬಂದು ನಾಯಿ ಕಚ್ಚಿತು ಎಂದಾಗ, ನೀನು ಯಾಕೆ ಅಲ್ಲಿಗೆ ಹೋಗಿದ್ದೆ ಎಂದು ಕೇಳುವ ಮುಂಚೆ ನಲ್ಲಿ ತಿರುಗಿಸಿ.